ಮದ್ದಿಗೆ ಮುಂಚೆ ಒಂದು ಗುರುತು

ತಳಕಿನ ಶೇಂಗಾ ಬೆಳೆಗಾರನಿಗೆ ಬಾಯಿ ಕ್ಯಾನ್ಸರ್ ಎಂದಾದರೆ ಚಳ್ಳಕೆರೆ, ಹಿರಿಯೂರು ದಾಟಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ ಹಿಡಿಯಬೇಕು. 1973ರಲ್ಲಿ ಶುರುವಾದ ಆ ಸಂಸ್ಥೆಗೆ ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರು. ಆಪರೇಷನ್, ಕರೆಂಟು, ಕೀಮೋ ಇವು ನಮ್ಮ ಜನಕ್ಕೆ ಕೇಳಿ ಗೊತ್ತಿರುವ ಮಾತುಗಳು. ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೊಥೆರಪಿ ಹೊಸದು, ಬಲು ದುಬಾರಿ. ಅನೇಕರಿಗೆ ಅದು ಹತ್ತುವುದೇ ಇಲ್ಲ. ಹತ್ತುವುದು ಯಾರಿಗೆಂದು ಹೊಲ ಮಾರುವ ಮೊದಲೇ ತಿಳಿಯಬಹುದೆ? ನಬ್ಜ್ ಹಿಡಿದು ನೋಡುತ್ತಿದ್ದ ಹಕೀಮರಿಗೂ ಇಂಥದೇ ಒಂದು ಗುರುತು ಬೇಕಾಗಿತ್ತು.

1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಕ್ಯಾನ್ಸರ್ ಗಡ್ಡೆಯೊಳಕ್ಕೆ ಬ್ಯಾಕ್ಟೀರಿಯಾ ಚುಚ್ಚಿದರು. ಕೆಲವರ ಗಡ್ಡೆ ಕರಗಿತು, ಹಲವರದು ಕರಗಲಿಲ್ಲ. ಕಾರಣ ಹೇಳಲು ಅವರ ಬಳಿ ಏನೂ ಇರಲಿಲ್ಲ. 1992ರಲ್ಲಿ ಜಪಾನಿನ ತಸುಕು ಹೊಂಜೊ ಅವರ ತಂಡ ಪಿಡಿ-1 ಎಂಬ ಪ್ರೋಟೀನನ್ನು ಪತ್ತೆಮಾಡಿತು. ರೋಗದೊಡನೆ ಕಾದಾಡುವ ಟಿ ಜೀವಕೋಶಗಳಿಗೆ ಅದು ಬ್ರೇಕು. ಎಷ್ಟೋ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನಿನಿಂದ ಆ ಬ್ರೇಕನ್ನು ಒತ್ತಿ ಹಿಡಿದು ಬಚಾವಾಗುತ್ತವೆ. ಬ್ರೇಕು ಬಿಡಿಸುವ ವಿದ್ಯೆಗಾಗಿ ಹೊಂಜೊ ಮತ್ತು ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರ ನೊಬೆಲ್ ಬಂತು.

ಹಾಗಾಗಿ ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟಿದೆ ಎಂದು ನೋಡುವುದೇ ಮೊದಲ ಗುರುತಾಯಿತು. 2015ರಲ್ಲಿ ಅಮೆರಿಕ ಶ್ವಾಸಕೋಶದ ಕ್ಯಾನ್ಸರಿಗೆ ಪೆಂಬ್ರೊಲಿಜುಮ್ಯಾಬ್ ಮದ್ದನ್ನು ಈ ಪರೀಕ್ಷೆಯೊಡನೆಯೇ ಒಪ್ಪಿತು. ಆದರೆ ಗುರುತು ನೆಚ್ಚಿಗೆಯದಲ್ಲ. ಒಂದೇ ಗಡ್ಡೆಯ ಒಂದು ಮೂಲೆಯಲ್ಲಿದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಇಲ್ಲವೆಂದು ಬಂದವರಲ್ಲೂ ಕೆಲವರು ಗುಣ ಕಾಣುತ್ತಾರೆ. 2017ರಲ್ಲಿ ಎರಡನೆಯ ಗುರುತು ಬಂತು: ಡಿಎನ್ಎ ತಪ್ಪು ತಿದ್ದುವ ಶಕ್ತಿ ಕಳೆದುಕೊಂಡ ಗಡ್ಡೆಗಳು. ತಪ್ಪುಗಳು ರಾಶಿಬಿದ್ದ ಅಂಥ ಕೋಶ ದೇಹಕ್ಕೆ ಪರಕೀಯವಾಗಿ ಕಾಣುತ್ತದೆ. ಯಾವ ಅಂಗದ ಕ್ಯಾನ್ಸರ್ ಎಂದು ಕೇಳದೆ ಗುರುತನ್ನಷ್ಟೇ ನೋಡಿ ಮದ್ದಿಗೆ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ನಮ್ಮಲ್ಲಿ ಹೆಚ್ಚಾಗಿರುವ ಬಾಯಿ ಕ್ಯಾನ್ಸರಿನಲ್ಲಿ ಮಾತ್ರ ಅದು ಅಪರೂಪ.

ಮುಂಬಯಿಯ ಟಾಟಾ ಆಸ್ಪತ್ರೆಯವರು ಬೆಲೆಯ ಕಡೆಯಿಂದ ಕೈಹಾಕಿದರು. ತಲೆ-ಕುತ್ತಿಗೆಯ ಕ್ಯಾನ್ಸರ್ ಕೈಮೀರಿದ್ದ 151 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ, ಮಾಮೂಲಿ ಮಾತ್ರೆಗಳ ಜೊತೆಗೆ, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಇದು ರೂಢಿಯ ಪ್ರಮಾಣದ ಹತ್ತನೇ ಒಂದು ಪಾಲೂ ಅಲ್ಲ. ಒಂದು ವರ್ಷದ ಹೊತ್ತಿಗೆ ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 16 ಮಂದಿ ಬದುಕಿದ್ದರೆ, ಇವರಲ್ಲಿ ಶೇ. 43. ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಹಾಗಿದ್ದೂ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. ಉಳಿಯುವವರನ್ನು ಮೊದಲೇ ಆರಿಸುವ ನಿಖರ ಗುರುತು ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಇರುವ ಪಿಡಿ-ಎಲ್1 ಪರೀಕ್ಷೆಗೆ ಸಾಮಾನ್ಯವಾಗಿ ಮತ್ತೆ ಕೊಯ್ಯಬೇಕಿಲ್ಲ. ರೋಗ ಪತ್ತೆಗೆಂದು ತೆಗೆದು ಮೇಣದಲ್ಲಿಟ್ಟ ಬಯಾಪ್ಸಿ ತುಣುಕೇ ಸಾಕು.