ಮತಗಟ್ಟೆ ಸಮೀಕ್ಷೆಯ ಪ್ರಾಮಾಣ್ಯ

ಮತವಿತ್ತು ಹೊರಬರುವವರನ್ನು ಮತಗಟ್ಟೆಯ ಬಾಗಿಲಲ್ಲಿಯೇ ಪ್ರಶ್ನಿಸಿ, ಅವರ ಉತ್ತರಗಳ ಆಧಾರದಿಂದ ಫಲಿತಾಂಶವನ್ನು ಊಹಿಸುವ ಕ್ರಮಕ್ಕೆ ಮತಗಟ್ಟೆ ಸಮೀಕ್ಷೆಯೆಂದು ಹೆಸರು. ಪತ್ರಿಕೆಗಳಲ್ಲಿ ಎಕ್ಸಿಟ್ ಪೋಲ್ ಎಂಬ ಮಾತೇ ರೂಢಿಯಾಗಿದೆ. ಅಮೆರಿಕದಲ್ಲಿ ಸಿಬಿಎಸ್ ಸಂಸ್ಥೆಯ ಪರವಾಗಿ ವಾರನ್ ಮಿಟಾಫ್‌ಸ್ಕಿಯವರು 1967ರಲ್ಲಿ ಕೆಂಟಕಿ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಇಂತಹ ಸಮೀಕ್ಷೆಯನ್ನು ನಡೆಸಿದರು. ಅಲ್ಲಿಂದೀಚೆಗೆ ಇದು ಹಲವು ದೇಶಗಳಿಗೆ ಹಬ್ಬಿದೆ. ಶಾಸನವನ್ನೂ ಕೈಫಿಯತ್ತನ್ನೂ ಪರಾಮರ್ಶಿಸುವಾಗ ಇತಿಹಾಸಕಾರನು ಕೇಳುವ ಪ್ರಶ್ನೆಗಳನ್ನೇ ಈ ಹೊಸ ಸಾಕ್ಷ್ಯಕ್ಕೂ ಕೇಳಬೇಕಾಗಿದೆ: ಇದು ಯಾರ ಮಾತು? ಎಷ್ಟನ್ನು ಇದು ಹೇಳಬಲ್ಲದು? ಎಲ್ಲಿ ಇದರ ಅಧಿಕಾರ ಮುಗಿಯುತ್ತದೆ?

ಸಮೀಕ್ಷೆಯ ತಳಹದಿ ನಮ್ಮವರು ಸ್ಥಾಲೀಪುಲಾಕ ನ್ಯಾಯವೆಂದು ಕರೆಯುವ ತರ್ಕವೇ ಆಗಿದೆ. ಒಂದು ಅಗುಳನ್ನು ಹಿಸುಕಿ ನೋಡಿ ಗಡಿಗೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುತ್ತೇವೆ. ಆದರೆ ಗಡಿಗೆಯೊಳಗೆ ಬಿಸಿ ಎಲ್ಲೆಡೆಯೂ ಸಮನಾಗಿ ತಾಗಿದ್ದರೆ ಮಾತ್ರ ಈ ನ್ಯಾಯ ಸಲ್ಲುತ್ತದೆ. ಚುನಾವಣೆಯಲ್ಲಿ ಈ ಸಮತೆಯನ್ನು ಭಂಗಗೊಳಿಸುವ ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು, ಉತ್ತರ ಕೊಡದವರ ಪ್ರಶ್ನೆ. 2004ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸಮೀಕ್ಷೆಯ ಅಂಕಿಗಳು ಜಾನ್ ಕೆರಿಯವರನ್ನು ಮುಂದಿಟ್ಟಿದ್ದವು. ಗೆದ್ದವರು ಜಾರ್ಜ್ ಬುಷ್. ಎಣಿಕೆಯಲ್ಲಿಯೇ ಮೋಸವಾಗಿದೆಯೆಂದು ಕೆಲವರು ವಾದಿಸಿದರು. ಸಮೀಕ್ಷೆ ನಡೆಸಿದವರೇ 2005ರ ಜನವರಿಯಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಬುಷ್ ಪಕ್ಷದವರಿಗಿಂತ ಕೆರಿ ಪಕ್ಷದವರು ಉತ್ತರ ಕೊಡಲು ಹೆಚ್ಚಾಗಿ ಒಪ್ಪಿದ್ದೇ ವ್ಯತ್ಯಾಸಕ್ಕೆ ಬಹುಮಟ್ಟಿನ ಕಾರಣವೆಂದು ತಿಳಿಸಲಾಯಿತು. ಮೌನವಹಿಸಿದವರು ಮಾತನಾಡಿದವರಂತೆಯೇ ಇರುವರೆಂಬ ಊಹೆ ಎಷ್ಟು ದುರ್ಬಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಎರಡನೆಯದು, ಸ್ಪರ್ಧೆಯ ನಿಕಟತೆ. 2000ದಲ್ಲಿ ಫ್ಲಾರಿಡಾ ರಾಜ್ಯವನ್ನು ದೂರದರ್ಶನ ಸಂಸ್ಥೆಗಳು ಮೊದಲು ಆಲ್ ಗೋರ್ ಅವರಿಗೆ ಸಲ್ಲಿಸಿ, ಹಿಂತೆಗೆದುಕೊಂಡು, ಬಳಿಕ ಬುಷ್ ಅವರಿಗೆ ಸಲ್ಲಿಸಿ, ಅದನ್ನೂ ಹಿಂತೆಗೆದುಕೊಂಡವು. ಸುಮಾರು 60 ಲಕ್ಷ ಮತಗಳಲ್ಲಿ ಅಧಿಕೃತ ಅಂತರ 537 ಮಾತ್ರ. ಇಷ್ಟು ಸೂಕ್ಷ್ಮವಾದ ಭೇದವನ್ನು ಅಳೆಯುವ ಸಾಮರ್ಥ್ಯ ಯಾವ ಮಾದರಿಗೂ ಇಲ್ಲ.

ಮೂರನೆಯದು, ಮತವನ್ನು ಸ್ಥಾನವಾಗಿ ಪರಿವರ್ತಿಸುವ ಲೆಕ್ಕ. ನಮ್ಮ ದೇಶದಲ್ಲಿ ಸಮೀಕ್ಷೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. 2004ರ ಲೋಕಸಭಾ ಚುನಾವಣೆಯಲ್ಲಿ ಆಳುವ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟವೇ ಮುಂದಿರುವುದೆಂದು ಸಮೀಕ್ಷೆಗಳು ಸಾರಿದ್ದವು. ಕಾಂಗ್ರೆಸ್ಸಿಗೆ 145, ಭಾರತೀಯ ಜನತಾ ಪಕ್ಷಕ್ಕೆ 138 ಸ್ಥಾನಗಳು ದೊರೆತು, ವಾಜಪೇಯಿಯವರು ರಾಜೀನಾಮೆಯಿತ್ತರು. 2024ರಲ್ಲಿ ಬಹುಪಾಲು ಸಮೀಕ್ಷೆಗಳು ಅದೇ ಒಕ್ಕೂಟಕ್ಕೆ 350ಕ್ಕಿಂತ ಹೆಚ್ಚು ಸ್ಥಾನಗಳನ್ನು ನುಡಿದವು, ಬಂದುದು 293. 2019ಕ್ಕೂ 2024ಕ್ಕೂ ನಡುವೆ ಭಾರತೀಯ ಜನತಾ ಪಕ್ಷದ ಮತಪ್ರಮಾಣ ಶೇಕಡ 37.4ರಿಂದ 36.6ಕ್ಕೆ ಇಳಿಯಿತು, ಸ್ಥಾನಗಳಾದರೋ 303ರಿಂದ 240ಕ್ಕೆ ಕುಸಿದವು. ಉತ್ತರ ಪ್ರದೇಶದಲ್ಲಿ ಆ ಪಕ್ಷದ ಸ್ಥಾನಗಳು 62ರಿಂದ 33ಕ್ಕೆ ಇಳಿದವು. ತಮಿಳುನಾಡಿನಲ್ಲಿ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸಿ ಮತಗಳನ್ನು ಗಳಿಸಿದರೂ ಸ್ಥಾನವೊಂದೂ ದಕ್ಕಲಿಲ್ಲ. ದೇಶದ ಸರಾಸರಿಯನ್ನು ತಿಳಿದ ಮಾತ್ರಕ್ಕೆ ಸ್ಥಾನಗಳ ಸಂಖ್ಯೆಯನ್ನು ತಿಳಿದಂತಾಗದು.

ಹಾಗಾದರೆ ಈ ವಿಧಾನವೇ ನಿಷ್ಪ್ರಯೋಜಕವೆ? ಹಾಗೆನ್ನಲಾಗದು. 1992ರಲ್ಲಿ ಬ್ರಿಟನ್ನಿನ ಮತಗಟ್ಟೆ ಸಮೀಕ್ಷೆಗಳು ಯಾವ ಪಕ್ಷಕ್ಕೂ ಬಹುಮತವಿಲ್ಲವೆಂದವು. ಕನ್ಸರ್ವೇಟಿವ್ ಪಕ್ಷವು 21 ಸ್ಥಾನಗಳ ಬಹುಮತ ಪಡೆಯಿತು. ತರುವಾಯ ಅಲ್ಲಿ ಜಾನ್ ಕರ್ಟಿಸ್, ಡೇವಿಡ್ ಫರ್ತ್ ಮೊದಲಾದ ವಿದ್ವಾಂಸರು ಕ್ರಮವನ್ನು ತಿದ್ದಿದರು. ಸಾಧ್ಯವಿದ್ದಷ್ಟೂ ಹಿಂದಿನ ಚುನಾವಣೆಯ ಮತಗಟ್ಟೆಗಳಿಗೇ ಮರಳಿ ಹೋಗಿ, ಮತದ ಪ್ರಮಾಣಕ್ಕಿಂತ ಅದರಲ್ಲಾದ ಬದಲಾವಣೆಯನ್ನು ಅಳೆದು, ಅದು ಕ್ಷೇತ್ರದಿಂದ ಕ್ಷೇತ್ರಕ್ಕೆ ಹೇಗೆ ಭಿನ್ನವಾಗುವುದೆಂದು ಗಣಿಸುವುದೇ ಆ ಸುಧಾರಣೆ. ಉತ್ತರಿಸಲು ನಿರಾಕರಿಸುವವರ ಪಕ್ಷಪಾತ ಎರಡು ಸಲವೂ ಒಂದೇ ತೆರನಾಗಿದ್ದರೆ ಬದಲಾವಣೆಯ ಲೆಕ್ಕದಲ್ಲಿ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ. 2005ರಲ್ಲಿ ಲೇಬರ್ ಪಕ್ಷಕ್ಕೆ ಹೇಳಿದ 66ರ ಬಹುಮತವೇ ನಿಜವಾಯಿತು. 2019ರಲ್ಲಿ ಕನ್ಸರ್ವೇಟಿವರಿಗೆ 368 ಎಂದುದಕ್ಕೆ 365 ಬಂದಿತು. ಆದರೂ 2015ರಲ್ಲಿ 316 ಎಂದಿದ್ದುದು 331 ಆಗಿ, ತಪ್ಪಿಹೋಗಿದೆಯೆಂದ ಬಹುಮತ ದೊರೆತೇಬಿಟ್ಟಿತು.

ಇದು ಕೇವಲ ವಿದ್ವಾಂಸರ ಚರ್ಚೆಯಲ್ಲ. 2024ರ ಜೂನ್ 3ರಂದು ಸಮೀಕ್ಷೆಗಳನ್ನು ನಂಬಿ ಮುಂಬಯಿಯ ಷೇರು ಸೂಚ್ಯಂಕ ಸುಮಾರು 2,500 ಅಂಶ ಏರಿತು. ಮರುದಿನ ಎಣಿಕೆ ನಡೆಯುತ್ತಿರುವಾಗ ಸುಮಾರು 4,390 ಅಂಶ ಕುಸಿಯಿತು. ಮತದಾನ ಮುಗಿಯುವ ಮೊದಲೇ ಇಂತಹ ಊಹೆ ಹೊರಬಿದ್ದರೆ ಇನ್ನೂ ಮತವೀಯದವರ ಮನಸ್ಸು ಅದರಿಂದ ಬಾಗಬಹುದು. ಆದುದರಿಂದಲೇ ನಮ್ಮಲ್ಲಿ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ಸೇರಿಸಲಾದ 126ಎ ಪ್ರಕರಣವು, ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಕಳೆಯುವವರೆಗೆ ಇದರ ಪ್ರಕಟಣೆಯನ್ನು ನಿಷೇಧಿಸಿದೆ.

ಮತಗಟ್ಟೆ ಸಮೀಕ್ಷೆಯ ನಿಜವಾದ ಬೆಲೆ ಎಣಿಕೆಯ ಬಳಿಕವೇ ಕಾಣುವುದೆಂದು ತೋರುತ್ತದೆ. ಮತಪೆಟ್ಟಿಗೆ ಗೆದ್ದವರು ಯಾರೆಂಬುದನ್ನು ತಿಳಿಸುತ್ತದೆ; ಗೆಲ್ಲಿಸಿದವರು ಯಾವ ವಯಸ್ಸಿನವರು, ಯಾವ ವೃತ್ತಿಯವರು, ಯಾವ ಕಾರಣದಿಂದ ಮತವಿತ್ತರು ಎಂಬುದನ್ನು ಗುಪ್ತಮತ ಎಂದಿಗೂ ಹೇಳದು. ಅದನ್ನು ಒಂದಿಷ್ಟಾದರೂ ಹೇಳಬಲ್ಲದ್ದು ಮತದಾರನನ್ನೇ ಕೇಳಿ ಬರೆದುಕೊಂಡ ಇಂತಹ ದಾಖಲೆ. ಎಷ್ಟು ಜನರನ್ನು, ಎಲ್ಲೆಲ್ಲಿ ಕೇಳಿದರು, ಎಷ್ಟು ಮಂದಿ ನಿರಾಕರಿಸಿದರು, ಸ್ಥಾನಗಳನ್ನು ಹೇಗೆ ಗಣಿಸಿದರು ಎಂಬುದನ್ನು ಮುಚ್ಚಿಡದ ಸಮೀಕ್ಷೆಯನ್ನು ನಾಳಿನ ಇತಿಹಾಸಕಾರನು ಆಕರವೆಂದು ಸ್ವೀಕರಿಸಬಹುದು. ಇವನ್ನು ಬಚ್ಚಿಟ್ಟ ಸಮೀಕ್ಷೆ ಫಲಿತಾಂಶಕ್ಕೆ ಹೊಂದಿಕೊಂಡಾಗಲೂ ಪ್ರಮಾಣವೆನಿಸದು.