ಎರೆಹುಳುವಿನ ಆಚೆಗಿನ ಬಳಗ

ಮನೆ ಕಾಂಪೋಸ್ಟ್ ಕುರಿತು ಈಗ ಬರುತ್ತಿರುವ ಬರಹಗಳಲ್ಲಿ ಕಾಣುವುದು ಎರಡೇ ಹೆಸರು: ಎರೆಹುಳು, ಇಲ್ಲವೇ ಪೊಟ್ಟಣದಲ್ಲಿ ಮಾರುವ ಸೂಕ್ಷ್ಮಾಣು ‘ಕಲ್ಚರ್’. ಇವೆರಡರ ನಡುವಿನ ಕಿರುಜೀವಿಗಳನ್ನು ‘ಹುಳ ಬಿದ್ದಿದೆ’ ಎಂದು ಬೇವಿನೆಣ್ಣೆ ಸಿಂಪಡಿಸಿ ಕೊಲ್ಲುತ್ತಿದ್ದೇವೆ. ಈ ತಪ್ಪಿನ ಬೇರು ನಮ್ಮ ಶಾಸ್ತ್ರ ಬೆಳೆದ ರೀತಿಯಲ್ಲೇ ಇದೆ.

ಡಾರ್ವಿನ್ 1881ರಲ್ಲಿ ಎರೆಹುಳುವಿನ ಪುಸ್ತಕ ಬರೆದು ಮಣ್ಣಿನ ಜೀವಿಗಳತ್ತ ಗಮನ ಸೆಳೆದ. 1905ರಲ್ಲಿ ಇಟಲಿಯ ಬರ್ಲೀಸ್ ಅವುಗಳನ್ನು ಹಿಡಿಯುವ ಆಲಿಕೆ ರೂಪಿಸಿದ. ಸ್ವೀಡನ್ನಿನ ಟುಲ್‌ಗ್ರೆನ್ 1918ರಲ್ಲಿ ಅದಕ್ಕೆ ವಿದ್ಯುತ್ ದೀಪ ಸೇರಿಸಿದ. ಇತ್ತ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್, 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಕಾಂಪೋಸ್ಟ್ ವಿಧಾನಗಳನ್ನು ಕೊಟ್ಟರು. ಅವರ ಚಿಂತೆ ಸಾರಜನಕ, ಶಾಖ ಮತ್ತು ಊರಿನ ಕಸದ್ದು. ರಾಶಿಯೊಳಗಿನ ಪ್ರಾಣಿಗಳು ಆ ಲೆಕ್ಕಕ್ಕೆ ಬರಲಿಲ್ಲ.

ನಿಜವಾದ ತಿರುವು ನಮ್ಮ ತಲೆಮಾರಿನಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಂತು. ಜಿ.ಕೆ. ವೀರೇಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿನ ಜೀವಿಶಾಸ್ತ್ರಕ್ಕೆ ಇಲ್ಲಿ ನೆಲೆ ಒದಗಿಸಿದರು. 1988ರ ಆಗಸ್ಟಿನಲ್ಲಿ ಹತ್ತನೆಯ ಅಂತಾರಾಷ್ಟ್ರೀಯ ಮಣ್ಣುಪ್ರಾಣಿ ವಿಚಾರಸಂಕಿರಣ ಬೆಂಗಳೂರಿನಲ್ಲೇ ನಡೆಯಿತು. ರಾಧಾ ಕಾಳೆ, ಕುಬ್ರಾ ಬಾನೊ ಅವರ ಎರೆಹುಳು ಸಂಶೋಧನೆ ರೈತರ ತೊಟ್ಟಿಗಳವರೆಗೆ ತಲುಪಿತು. ಪ್ರಯೋಗಾಲಯದಿಂದ ಹೊಲಕ್ಕೆ ಇಷ್ಟು ನೇರವಾಗಿ ಇಳಿದ ಕೆಲಸ ನಮ್ಮಲ್ಲಿ ಹೆಚ್ಚಿಲ್ಲ. ಆದರೆ ಆಫ್ರಿಕಾ ಮೂಲದ ಯೂಡ್ರಿಲಸ್ ಎರೆಹುಳು ಗೆದ್ದ ಮೇಲೆ ನಮ್ಮ ತಿಪ್ಪೆಗಳದ್ದೇ ಆದ ಪೆರಿಯೋನಿಕ್ಸ್ ಎರೆಹುಳು ಹಿಂದೆ ಸರಿಯಿತು. ಎರೆಹುಳುವಲ್ಲದ ಜೀವಿಗಳ ಪಾಡು ಅದಕ್ಕಿಂತ ಕಡೆ.

ಮನೆಯ ಕುಂಡದ ವಿಷಯದಲ್ಲಿ ಈ ಅಲಕ್ಷ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಸುಮಾರು ಒಂದು ಘನ ಮೀಟರ್ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅಲ್ಲಿ ಶಾಖಪ್ರಿಯ ಸೂಕ್ಷ್ಮಾಣುಗಳದೇ ಆಳ್ವಿಕೆ. ದಿನಕ್ಕೊಂದು ಬೊಗಸೆ ಸಿಪ್ಪೆ ಬೀಳುವ ಕುಂಡ ಅಷ್ಟು ಬಿಸಿಯಾಗುವುದು ಅಪರೂಪ. ಹಾಗಾಗಿ ಅಲ್ಲಿ ಪ್ರಾಣಿಗಳು ಮೊದಲಿನಿಂದ ಕೊನೆಯವರೆಗೂ ದುಡಿಯುತ್ತವೆ.

ಕುಂಡದ ಒಂದು ಹಿಡಿ ಗೊಬ್ಬರವನ್ನು ಆಲಿಕೆಯ ಜಾಲರಿಯ ಮೇಲಿಟ್ಟು ದೀಪ ಹಚ್ಚಿ. ಮೇಲಿನಿಂದ ಒಣಗುತ್ತ ಬಂದಂತೆ ಜೀವಿಗಳು ತೇವ ಹುಡುಕಿ ಕೆಳಗಿಳಿದು ಸೀಸೆಗೆ ಬೀಳುತ್ತವೆ. ಮಸೂರದಡಿ ನೋಡಿ: ಒಂದೆರಡು ಮಿಲಿಮೀಟರಿನ ಬಿಳಿ ಸ್ಪ್ರಿಂಗ್‌ಟೇಲ್‌ಗಳು, ಹೊಟ್ಟೆಯಡಿ ಮಡಚಿಟ್ಟ ಕವೆಗೋಲಿನಂಥ ಅಂಗ. ಅದು ಚಿಮ್ಮಿದರೆ ಜೀವಿ ಹಾರುತ್ತದೆ. ಇವು ಬೂಷ್ಟಿನ ಎಳೆಗಳನ್ನು ಮೇಯುತ್ತ ಬೀಜಾಣುಗಳನ್ನು ಹರಡುತ್ತವೆ. ಗಟ್ಟಿಚಿಪ್ಪಿನ ಒರಿಬ್ಯಾಟಿಡ್ ನುಸಿ ಕೊಳೆತ ಎಲೆಯನ್ನು ಅಗಿಯುತ್ತದೆ. ಬೇಟೆಗಾರ ನುಸಿಗಳು ನೊಣದ ಮೊಟ್ಟೆಯನ್ನೂ ದುಂಡುಹುಳುವನ್ನೂ ತಿನ್ನುತ್ತವೆ. ಎಷ್ಟೋ ನುಸಿಗಳು ನೊಣದ ಮೈಗೆ ಅಂಟಿಕೊಂಡೇ ಕುಂಡಕ್ಕೆ ಬರುತ್ತವೆ. ದಾರದಂಥ ಬಿಳಿ ಪಾಟ್‌ವರ್ಮ್ ಮಿತಿಮೀರಿದರೆ ಕುಂಡ ಹುಳಿಯಾಗಿದೆ, ತೇವ ಹೆಚ್ಚಾಗಿದೆ ಎಂದರ್ಥ; ಒಣ ಎಲೆ ಬೆರೆಸಿದರೆ ಸಾಕು. ಜನ ಹೆಚ್ಚು ಹೆದರುವ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುವೇ ಹಸಿ ತರಕಾರಿಯನ್ನು ಎಲ್ಲಕ್ಕಿಂತ ಬೇಗ ಕರಗಿಸುತ್ತದೆ.

ಅಮೆರಿಕದ ಡೇನಿಯಲ್ ಡಿಂಡಲ್ 1971ರಲ್ಲೇ ಕಾಂಪೋಸ್ಟಿನ ಆಹಾರಜಾಲವನ್ನು ಜನಸಾಮಾನ್ಯರಿಗಾಗಿ ಚಿತ್ರಿಸಿದ. ನಮ್ಮ ಕೈಪಿಡಿಗಳು ಇಂದಿಗೂ ಹೆಚ್ಚಾಗಿ ಆ ತಣ್ಣನೆಯ ದೇಶದ ಪಟ್ಟಿಯನ್ನೇ ನಕಲು ಮಾಡುತ್ತವೆ. ಮಲೆನಾಡಿನ ಮಳೆಗಾಲದ ಕುಂಡದಲ್ಲಿ ಬೆಳೆಯುವ ಬಳಗ ಕಲಬುರಗಿಯ ಬೇಸಿಗೆಯ ಕುಂಡದಲ್ಲೂ ಇರಬೇಕೆಂದಿಲ್ಲ. ಅದನ್ನು ಊರೂರಿಗೆ, ಋತು ಋತುವಿಗೆ ಗುರುತಿಸಿಡಬೇಕಾದರೆ ನುಸಿ, ಸ್ಪ್ರಿಂಗ್‌ಟೇಲ್‌ಗಳ ಪ್ರಭೇದ ಬಿಡಿಸಿ ಹೇಳಬಲ್ಲವರು ಬೇಕು. ಅಂಥವರು ನಿವೃತ್ತರಾಗುತ್ತಿದ್ದಾರೆ, ಆ ಜಾಗಕ್ಕೆ ಹೊಸಬರು ಬರುತ್ತಿಲ್ಲ. ಆಲಿಕೆ, ದೀಪ, ಸೀಸೆಗೆ ಯಾವ ಕಾಲೇಜಿನಲ್ಲೂ ಹಣದ ಕೊರತೆಯಾಗದು. ವರ್ಗೀಕರಣ ಕಲಿತವರಿಗೆ ಕೆಲಸ ಕೊಟ್ಟರೆ ಮಾತ್ರ ಈ ಶಾಸ್ತ್ರ ಮುಂದುವರಿಯುತ್ತದೆ.