ಕ್ಯಾನ್ಸರ್ ಚಿಕಿತ್ಸೆಯ ನಂತರ ಕೈ ಊದಿಕೊಂಡರೆ ಅಕ್ಯುಪಂಕ್ಚರ್ ಸಾಕೇ?

"ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೆ ಕೈ ಊದಿಕೊಂಡಿದೆಯೇ? ಬಿಗಿ ಸ್ಲೀವ್ ಬೇಡ, ಬ್ಯಾಂಡೇಜ್ ಬೇಡ. ನಾಲ್ಕು ವಾರ ಅಕ್ಯುಪಂಕ್ಚರ್ ಮಾಡಿಸಿ, ಊತ ಮಾಯ! ಅಮೆರಿಕದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೇ ಇದನ್ನು ಸಾಬೀತು ಮಾಡಿದೆ."

ಓದುಗರೊಬ್ಬರು ಈ ಫಾರ್ವರ್ಡ್ ಕಳಿಸಿ ನಮ್ಮನ್ನು ಕೇಳಿದ್ದಾರೆ: ಸೆಕೆಗೆ ಅಮ್ಮ ಸ್ಲೀವ್ ಹಾಕಿಕೊಳ್ಳಲು ಒಪ್ಪುತ್ತಿಲ್ಲ, ಅದರ ಬದಲು ಸೂಜಿ ಚಿಕಿತ್ಸೆಗೆ ಕರೆದುಕೊಂಡು ಹೋಗಬಹುದೇ?

ಬದಲಿಗೆ ಅಂತಾದರೆ ಬೇಡ. ಸ್ಲೀವ್ ಜೊತೆಗೆ ಅಂತಾದರೆ, ಮೊದಲು ಕ್ಯಾನ್ಸರ್ ವೈದ್ಯರನ್ನು ಕೇಳಿ. ಹೀಗೆ ಹೇಳಲು ಕಾರಣ ಆ ಫಾರ್ವರ್ಡ್‌ನಲ್ಲಿರುವ ಸುಳ್ಳಿಗಿಂತ ಅದರಲ್ಲಿರುವ ಅರ್ಧ ಸತ್ಯ.

ಕೈ ಊದಿಕೊಳ್ಳುವುದು ಏಕೆ?

ನಮ್ಮ ದೇಹದಲ್ಲಿ ರಕ್ತನಾಳಗಳ ಹಾಗೆಯೇ ದುಗ್ಧನಾಳಗಳೆಂಬ ಇನ್ನೊಂದು ಜಾಲವಿದೆ. ಚರ್ಮದ ಕೆಳಗೆ ಸೇರುವ ಹೆಚ್ಚಿನ ದ್ರವವನ್ನು ಎತ್ತಿ ಮತ್ತೆ ರಕ್ತಕ್ಕೆ ಸೇರಿಸುವುದು ಇದರ ಕೆಲಸ. ಕೈಯಿಂದ ಬರುವ ದ್ರವದ ಬಹುಪಾಲು ಕಂಕುಳಿನ ದುಗ್ಧಗ್ರಂಥಿಗಳ ಮೂಲಕ ಹೋಗಬೇಕು. ಸ್ತನ ಕ್ಯಾನ್ಸರ್ ಮೊದಲು ಹರಡುವುದು ಸಾಮಾನ್ಯವಾಗಿ ಈ ಗ್ರಂಥಿಗಳಿಗೇ. ಹಾಗಾಗಿ ಶಸ್ತ್ರಚಿಕಿತ್ಸೆಯಲ್ಲಿ ಅವನ್ನು ತೆಗೆಯುತ್ತಾರೆ, ಕೆಲವರಿಗೆ ಅಲ್ಲಿಗೆ ರೇಡಿಯೇಷನ್ ಕೂಡ ಕೊಡುತ್ತಾರೆ. ಮೋರಿ ಕಟ್ಟಿಕೊಂಡರೆ ಬಚ್ಚಲಲ್ಲಿ ನೀರು ನಿಲ್ಲುವ ಹಾಗೆ ಕೈಯಲ್ಲಿ ದ್ರವ ನಿಲ್ಲುತ್ತದೆ. ಇದೇ ಲಿಂಫೆಡೀಮಾ.

ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆ ಹೇಳುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದವರಲ್ಲಿ ಈ ಅಪಾಯ ತುಂಬಾ ಕಡಿಮೆ, ನೂರಕ್ಕೆ ಆರರ ಆಸುಪಾಸು. ಆಪರೇಷನ್ ಆಗಿ ವರ್ಷಗಳಾದ ಮೇಲೂ ಊತ ಕಾಣಿಸಿಕೊಳ್ಳಬಹುದು.

ಊದಿದ ಕೈ ನೋಡಿ "ಆನೆಕಾಲು ರೋಗವೇ?" ಎಂದು ಗಾಬರಿಯಾಗುವವರಿದ್ದಾರೆ. ಎರಡರಲ್ಲೂ ಕೆಡುವುದು ದುಗ್ಧನಾಳಗಳೇ. ಆದರೆ ಆನೆಕಾಲು ಬರುವುದು ಸೊಳ್ಳೆ ಹರಡುವ ಹುಳುವಿನಿಂದ. ಕ್ಯಾನ್ಸರ್ ನಂತರದ ಊತ ಯಾರಿಗೂ ಅಂಟುವುದಿಲ್ಲ.

ಅಮೆರಿಕದ ಆಸ್ಪತ್ರೆ ಹೇಳಿದ್ದೇನು?

ಫಾರ್ವರ್ಡ್‌ನಲ್ಲಿ ಆಸ್ಪತ್ರೆಯ ಹೆಸರಿಲ್ಲ. ಆದರೆ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಇಂಥದೇ ಒಂದು ಅಧ್ಯಯನ ನಡೆದದ್ದು ನಿಜ. 2013ರಲ್ಲಿ ಪ್ರಕಟವಾದ ಅದರಲ್ಲಿ ಕೈ ಊದಿಕೊಂಡಿದ್ದ 33 ಮಹಿಳೆಯರಿಗೆ ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ ಅಕ್ಯುಪಂಕ್ಚರ್ ಮಾಡಿದರು. 11 ಮಂದಿಗೆ, ಅಂದರೆ ಮೂವರಲ್ಲಿ ಒಬ್ಬರಿಗೆ, ಊತ ಶೇ. 30 ಅಥವಾ ಅದಕ್ಕಿಂತ ಹೆಚ್ಚು ಇಳಿಯಿತು.

ಈ ಶೇ. 30 ಯಾವುದರದ್ದು? ಎರಡೂ ಕೈಗಳ ಸುತ್ತಳತೆಯ ನಡುವಿನ ವ್ಯತ್ಯಾಸದ್ದು. ಊದಿದ ಕೈ ಇನ್ನೊಂದಕ್ಕಿಂತ 4 ಸೆಂ.ಮೀ. ದಪ್ಪ ಇದ್ದರೆ, ಶೇ. 30 ಇಳಿದ ಮೇಲೂ 2.8 ಸೆಂ.ಮೀ. ದಪ್ಪ ಉಳಿದಿರುತ್ತದೆ. "ಮಾಯ" ಎಲ್ಲಿಂದ ಬಂತೋ ಫಾರ್ವರ್ಡ್ ಬರೆದವರೇ ಹೇಳಬೇಕು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಆ ಅಧ್ಯಯನದಲ್ಲಿ ಸೂಜಿ ಚುಚ್ಚಿಸಿಕೊಳ್ಳದವರ ಗುಂಪೇ ಇರಲಿಲ್ಲ. ಲಿಂಫೆಡೀಮಾ ಊತ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಸೆಕೆ ಹೆಚ್ಚಾದರೆ, ಕೈಗೆ ವಿಪರೀತ ಕೆಲಸ ಬಿದ್ದರೆ ಏರಬಹುದು, ಆಮೇಲೆ ತಾನೇ ಸ್ವಲ್ಪ ಇಳಿಯಬಹುದು. ಜನ ಚಿಕಿತ್ಸೆ ಹುಡುಕಿಕೊಂಡು ಹೋಗುವುದು ಊತ ಜಾಸ್ತಿಯಾದಾಗಲೇ. ವಾರವಾರವೂ ಯಾರೋ ಟೇಪ್ ಹಿಡಿದು ಕೈ ಅಳೆಯುತ್ತಾರೆ ಎಂದರೆ ಸ್ಲೀವ್ ಹಾಕುವುದನ್ನು, ವ್ಯಾಯಾಮ ಮಾಡುವುದನ್ನು ಯಾರೂ ಮರೆಯುವುದಿಲ್ಲ. ಇಳಿದ ಊತದಲ್ಲಿ ಸೂಜಿಯ ಪಾಲೆಷ್ಟು, ಇವೆಲ್ಲದರ ಪಾಲೆಷ್ಟು ಎಂದು ಬಿಡಿಸಿ ನೋಡಲು ಹೋಲಿಕೆಗೆ ಇನ್ನೊಂದು ಗುಂಪು ಬೇಕೇ ಬೇಕು.

ಈ ಮಾತು ನಮಗಿಂತ ಮೊದಲು ಆ ಸಂಶೋಧಕರಿಗೇ ಗೊತ್ತಿತ್ತು. ಅದೇ ಆಸ್ಪತ್ರೆಯಲ್ಲಿ ಎರಡನೇ ಪ್ರಯೋಗ ಮಾಡಿದರು. 82 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಆರು ವಾರ ಅಕ್ಯುಪಂಕ್ಚರ್ ಕೊಟ್ಟರು, ಇನ್ನೊಂದನ್ನು ಕಾಯಲು ಹೇಳಿದರು. ಅವರಲ್ಲಿ 67 ಮಂದಿ ಊತಕ್ಕೆ ಮಾಮೂಲಿ ಚಿಕಿತ್ಸೆಯನ್ನೂ ಮುಂದುವರಿಸಿದ್ದರು. ಕೊನೆಯಲ್ಲಿ ಲೆಕ್ಕಕ್ಕೆ ಸಿಕ್ಕ 73 ಜನರನ್ನು ಹೋಲಿಸಿದರೆ, ಅಕ್ಯುಪಂಕ್ಚರ್ ಗುಂಪಿನಲ್ಲಿ ಊತ ಹೆಚ್ಚುವರಿಯಾಗಿ ಇಳಿದದ್ದು ಸರಾಸರಿ 0.38 ಸೆಂ.ಮೀ. ಇಷ್ಟು ಸಣ್ಣ ಅಂತರ ಆಕಸ್ಮಿಕವಾಗಿಯೂ ಬರಬಹುದಾದ್ದು. ಹಾಗಾಗಿ ಗಣನೀಯ ವ್ಯತ್ಯಾಸವಿಲ್ಲ ಎಂದೇ 2018ರಲ್ಲಿ ಪ್ರಕಟಿಸಿದರು. ಈ ಎರಡನೇ ಫಲಿತಾಂಶ ಫಾರ್ವರ್ಡ್‌ನಲ್ಲಿ ಇಲ್ಲ.

ಚೀನಾದಲ್ಲಿ ನಡೆದ ಕೆಲವು ಅಧ್ಯಯನಗಳಲ್ಲಿ ಊತ ಇಳಿದ ವರದಿಗಳಿವೆ. ಆದರೆ ಅವು ಸಣ್ಣವು. ಅವನ್ನು ನಂಬಿ ಸ್ಲೀವ್ ತೆಗೆದಿಡಿ ಎಂದು ನಾವಂತೂ ಹೇಳಲಾರೆವು.

ಹಾಗಾದರೆ ಅಕ್ಯುಪಂಕ್ಚರ್‌ನಿಂದ ಉಪಯೋಗವೇ ಇಲ್ಲವೇ?

ಹಾಗೆ ಹೇಳಿದರೆ ಅದೂ ತಪ್ಪಾಗುತ್ತದೆ. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಅರೋಮಟೇಸ್ ಇನ್ಹಿಬಿಟರ್ ಮಾತ್ರೆಗಳಿಂದ ಅನೇಕರಿಗೆ ವಿಪರೀತ ಕೀಲುನೋವು ಬರುತ್ತದೆ. 226 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೋರಿಕೆಗೆ ಚುಚ್ಚಿದ ಸೂಜಿಗಿಂತ ನಿಜವಾದ ಅಕ್ಯುಪಂಕ್ಚರ್ ಈ ನೋವನ್ನು ಸ್ವಲ್ಪ ಹೆಚ್ಚು ಇಳಿಸಿತು. ಇಂಗ್ಲೆಂಡಿನ ಒಂದು ಕ್ಯಾನ್ಸರ್ ಬೆಂಬಲ ಕೇಂದ್ರದಲ್ಲಿ ಲಿಂಫೆಡೀಮಾ ಇರುವವರಿಗೇ ಅಕ್ಯುಪಂಕ್ಚರ್ ಕೊಟ್ಟು ನೋಡಿದ್ದಾರೆ. ಆದರೆ ಅಲ್ಲಿನ ಗುರಿ ಊತ ಇಳಿಸುವುದಾಗಿರಲಿಲ್ಲ, ಅವರ ಒಟ್ಟಾರೆ ನೆಮ್ಮದಿ ಹೆಚ್ಚಿಸುವುದಾಗಿತ್ತು. ಊದಿದ ಭಾಗಕ್ಕೆ ಸೂಜಿ ಚುಚ್ಚುತ್ತಲೂ ಇರಲಿಲ್ಲ. ನೋವು, ಬೇಸರಕ್ಕೆ ಆಸರೆಯಾಗಿ ಬಳಸುವುದು ಬೇರೆ, ಊತಕ್ಕೆ ಮದ್ದು ಎನ್ನುವುದು ಬೇರೆ.

ಅಪಾಯದ ವಿಷಯ. 2013ರ ಅಧ್ಯಯನದಲ್ಲಿ ಊದಿದ ಕೈಗೂ ಸೂಜಿ ಚುಚ್ಚಿದ್ದರು, ಒಟ್ಟು 255 ಸಲ ಚಿಕಿತ್ಸೆ ಕೊಟ್ಟರೂ ಗಂಭೀರ ತೊಂದರೆ ಆಗಲಿಲ್ಲ. ಅಲ್ಲಿದ್ದವರು ಕ್ಯಾನ್ಸರ್ ರೋಗಿಗಳನ್ನು ನೋಡಿ ಪಳಗಿದವರು. ದುಗ್ಧರಸ ನಿಂತ ಕೈಗೆ ಸೋಂಕು ಬೇಗ ತಗಲುತ್ತದೆ. ಕೀಮೋ ನಡೆಯುತ್ತಿರುವಾಗ ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಸೂಜಿಯ ಸಹವಾಸವೇ ಬೇಡ. ಮಾಡಿಸಿದರೂ ಒಮ್ಮೆ ಬಳಸಿ ಎಸೆಯುವ ಹೊಸ ಸೂಜಿಯೇ ಆಗಬೇಕು, ಊದಿದ ಕೈ ಬಿಟ್ಟು ಬೇರೆ ಕಡೆ ಚುಚ್ಚಲು ಕೇಳಿ. ಜಾತ್ರೆಯಲ್ಲಿ ಮಾರುವ ಅಕ್ಯುಪ್ರೆಶರ್ ಉಂಗುರಕ್ಕೂ ಇದಕ್ಕೂ ಸಂಬಂಧವಿಲ್ಲ. ಊದಿದ ಬೆರಳಿಗೆ ಅದನ್ನು ತುರುಕಲೇಬೇಡಿ.

ಊತಕ್ಕೆ ಏನು ಮಾಡಬೇಕು?

ಬ್ಯಾಂಡೇಜ್ ಸುತ್ತಿ ಊತ ಇಳಿಸುವುದು, ಇಳಿದದ್ದನ್ನು ಸ್ಲೀವ್ ಹಾಕಿ ಕಾಯ್ದುಕೊಳ್ಳುವುದು, ತರಬೇತಿ ಪಡೆದವರಿಂದ ಹಗುರ ಮಸಾಜ್, ವ್ಯಾಯಾಮ, ಚರ್ಮದ ಆರೈಕೆ. ಪೂರ್ತಿ ವಾಸಿಯಾಗುವುದು ಕಷ್ಟ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. "ಆ ಕೈಯಲ್ಲಿ ಒಂದು ಬಿಂದಿಗೆಯನ್ನೂ ಎತ್ತಬಾರದು" ಎಂಬ ಮನೆಮಾತನ್ನೂ ಸ್ವಲ್ಪ ಸಡಿಲಿಸಬಹುದು. ಲಿಂಫೆಡೀಮಾ ಇದ್ದ 141 ಮಹಿಳೆಯರ ಮೇಲೆ ನಡೆದ 2009ರ ಪ್ರಯೋಗದಲ್ಲಿ, ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸುತ್ತ ಎತ್ತಿದವರಿಗೆ ಊತ ಹೆಚ್ಚಲಿಲ್ಲ. ಸಮಸ್ಯೆ ಉಲ್ಬಣಿಸಿದ್ದು ಎತ್ತದವರಲ್ಲೇ ಜಾಸ್ತಿ.

ಇನ್ನು ನಮ್ಮ ಓದುಗರ ಅಮ್ಮನ ಸ್ಲೀವ್. ಸೆಕೆ ಜೊತೆಗೆ ಅಳತೆಯೂ ಕಾರಣವಿರಬಹುದು. ಬೆರಳು ಜೋಮು ಹಿಡಿದರೆ, ಮೇಲಂಚು ಕಚ್ಚಿ ಗೆರೆ ಮೂಡಿದರೆ, ಅಳತೆ ತಪ್ಪಿದೆ ಎಂದೇ ಅರ್ಥ. ಫಿಸಿಯೋಥೆರಪಿಸ್ಟ್ ಹತ್ತಿರ ಮತ್ತೆ ಅಳತೆ ಕೊಡಿ. ಎರಡು ಸ್ಲೀವ್ ಇದ್ದರೆ ಒಂದನ್ನು ಒಗೆದು ಹಾಕಿದಾಗ ಇನ್ನೊಂದು ಸಿಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಅದರ ಬಿಗಿ ಹೋಗುತ್ತದೆ, ಆಮೇಲೆ ಹಾಕಿಯೂ ಪ್ರಯೋಜನ ಕಡಿಮೆ. ರಾತ್ರಿ ತೆಗೆದಿಡಬಹುದೇ ಎಂದು ಕೇಳಿ, ಹಲವರಿಗೆ ಹಗಲು ಹಾಕಿದರೆ ಸಾಕಾಗುತ್ತದೆ.

ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಮಾತ್ರ ಫಾರ್ವರ್ಡ್ ಓದುತ್ತ ಕೂರಬೇಡಿ. ಅದು ಸೋಂಕು, ಅದೇ ದಿನ ಆ್ಯಂಟಿಬಯಾಟಿಕ್ ಶುರುವಾಗಬೇಕಾಗಬಹುದು. ಇದ್ದಕ್ಕಿದ್ದಂತೆ ಊತ ಏರಿದರೂ ತಡಮಾಡದೆ ಕ್ಯಾನ್ಸರ್ ವೈದ್ಯರಿಗೆ ತೋರಿಸಿ: ರಕ್ತ ಹೆಪ್ಪುಗಟ್ಟಿರಬಹುದು, ಕ್ಯಾನ್ಸರ್ ಮರಳಿರಬಹುದು, ಎರಡೂ ಅಲ್ಲವೆಂದು ಪರೀಕ್ಷೆ ಮಾಡಿಯೇ ತಿಳಿಯಬೇಕು. ಸೋಂಕು ಇರುವಾಗ ಸ್ಲೀವ್ ಹಾಕಬೇಕೇ ಬೇಡವೇ ಎಂಬುದನ್ನೂ ಅಲ್ಲೇ ಕೇಳಿಕೊಂಡು ಬನ್ನಿ.